ನಿಮಗಿದು ಗೊತ್ತೇ? ಕಿಂಗ್ ಹಾದಿ, ಮಾಲ್ಕಮ್ ಹಾದಿ

● ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದಲ್ಲಿ ಉತ್ತರ-ದಕ್ಷಿಣ ಧ್ರುವಗಳೆನಿಸಿದ್ದ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಲ್ಕಮ್ ಎಕ್ಸ್ ಮುಖಾಮುಖಿಯಾದದ್ದು ಒಂದೇ ಸಲ. 1964ರ ಮಾರ್ಚ್ 26ರಂದು ನಾಗರಿಕ ಹಕ್ಕುಗಳ ಮಸೂದೆಯ ಚರ್ಚೆ ಕೇಳಲು ಇಬ್ಬರೂ ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಬಂದಿದ್ದರು. ಕೈಕುಲುಕಿದರು, ಫೋಟೊಗೆ ನಿಂತರು, ಹೊರಟರು. ಅಷ್ಟೇ!

● ಹುಟ್ಟಿದಾಗ ಕಿಂಗ್ ಹೆಸರು ಮೈಕಲ್. ಮಾಲ್ಕಮ್ ಅಡ್ಡಹೆಸರು ಲಿಟ್ಲ್. ಗುಲಾಮಗಿರಿಯಲ್ಲಿ ಅಳಿಸಿಹೋದ ಆಫ್ರಿಕದ ಮನೆತನದ ಹೆಸರಿನ ಜಾಗಕ್ಕೆ ಅವರು ಇಟ್ಟುಕೊಂಡದ್ದೇ 'ಎಕ್ಸ್'.

● ಅಹಿಂಸೆಯ ಕಿಂಗ್ ಮನೆಯಲ್ಲೂ ಬಂದೂಕುಗಳಿದ್ದವು. 1956ರ ಜನವರಿಯಲ್ಲಿ ಮಾಂಟ್ಗೊಮರಿಯ ಅವರ ಮನೆಗೆ ಬಾಂಬ್ ಬಿತ್ತು. ಆತ್ಮರಕ್ಷಣೆಗೆ ಪಿಸ್ತೂಲಿನ ಪರವಾನಗಿ ಕೇಳಿದರು, ಅಧಿಕಾರಿಗಳು ಕೊಡಲಿಲ್ಲ. ಮನೆಯಲ್ಲಿ ಆಯುಧವಿಟ್ಟುಕೊಂಡು ಅಹಿಂಸೆ ಬೋಧಿಸಲಾಗದು ಎಂದು ಅವರ ಮನವೊಲಿಸಿದವರಲ್ಲಿ ಮುಖ್ಯರು ಬೇಯಾರ್ಡ್ ರಸ್ಟಿನ್. ಗಾಂಧೀಜಿಯ ಹತ್ಯೆಯಾದ ವರ್ಷವೇ ಭಾರತಕ್ಕೆ ಬಂದುಹೋಗಿದ್ದ ಗಾಂಧಿವಾದಿ. 1963ರಲ್ಲಿ ಎರಡೂವರೆ ಲಕ್ಷ ಜನ ಸೇರಿದ ವಾಷಿಂಗ್ಟನ್ ಮೆರವಣಿಗೆಯ ಸೂತ್ರಧಾರರೂ ಇವರೇ. ಸಲಿಂಗಿ, ಹಿಂದೆ ಕಮ್ಯುನಿಸ್ಟ್ ಸಂಘದಲ್ಲಿದ್ದವರು ಎಂಬ ಕಾರಣಕ್ಕೆ ಚಳವಳಿಯ ಕೆಲವು ನಾಯಕರೇ ಅವರನ್ನು ತೆರೆಮರೆಯಲ್ಲಿಟ್ಟರು. ಸಮಾನತೆ ಕೇಳುವವರಲ್ಲೂ ಇಂಥ ಭಯ!

● ಆ ಮೆರವಣಿಗೆಯನ್ನು ಮಾಲ್ಕಮ್ ಪ್ರಹಸನ ಎಂದು ಗೇಲಿ ಮಾಡಿದ್ದರು. ಆದರೂ ನೋಡಲು ವಾಷಿಂಗ್ಟನ್ನಿಗೆ ಹೋಗಿದ್ದರು.

● 1965ರ ಫೆಬ್ರವರಿ 4. ಸೆಲ್ಮಾದಲ್ಲಿ ಕಿಂಗ್ ಜೈಲಿನಲ್ಲಿದ್ದಾಗ ಮಾಲ್ಕಮ್ ಅಲ್ಲಿಗೆ ಬಂದು ಭಾಷಣ ಮಾಡಿದರು. ಕಿಂಗ್ ಪತ್ನಿ ಕೊರೆಟಾ ಅವರ ಬಳಿ, ತಾನು ಬಂದದ್ದು ತೊಂದರೆ ಕೊಡಲು ಅಲ್ಲ, ಬೇರೆ ದಾರಿ ಯಾವುದೆಂದು ಬಿಳಿಯರಿಗೆ ತಿಳಿದರೆ ಕಿಂಗ್ ಮಾತಿಗೆ ಕಿವಿಗೊಟ್ಟಾರು ಎಂಬ ಅರ್ಥದ ಮಾತಾಡಿದರು. ಇಬ್ಬರನ್ನೂ ಬರೀ ಎದುರಾಳಿಗಳೆಂದು ಕಾಣುವವರು ಈ ಪ್ರಸಂಗವನ್ನು ಓದಬೇಕು. ಹದಿನೇಳು ದಿನಗಳ ನಂತರ ಮಾಲ್ಕಮ್ ಗುಂಡಿಗೆ ಬಲಿಯಾದರು.

● ಹಕ್ಕು ಪಡೆಯುವ ಹಾದಿ ಯಾವುದೆಂಬ ಕಪ್ಪು ನಾಯಕರ ಈ ಜಗಳ ಹಳೆಯದು. ಮೊದಲು ಕಸುಬು ಕಲಿಯೋಣ, ದುಡಿಯೋಣ, ಹಕ್ಕು ಆಮೇಲೆ ಎಂದು 1895ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಹೇಳಿದರೆ, ಮತದಾನ ಮತ್ತು ಉನ್ನತ ಶಿಕ್ಷಣ ಈಗಲೇ ಬೇಕು ಎಂದು ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲಿ ತಿರುಗಿಬಿದ್ದರು. ಸ್ವಾರಸ್ಯ ನೋಡಿ: ರಾಜಿಯವರೆನಿಸಿಕೊಂಡ ಬುಕರ್, ವರ್ಣಭೇದದ ವಿರುದ್ಧದ ಮೊಕದ್ದಮೆಗಳಿಗೆ ಗುಟ್ಟಾಗಿ ಹಣ ಕೊಡುತ್ತಿದ್ದರು.

● ಇದೇ ಡುಬಾಯ್ಸ್ ಅವರಿಗೆ 1946ರಲ್ಲಿ ಡಾ. ಅಂಬೇಡ್ಕರ್ ಪತ್ರ ಬರೆದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿ ಬೇಕೆಂದು ಕೇಳಿದ್ದರು. ಡುಬಾಯ್ಸ್ ಉತ್ತರವನ್ನೂ ಬರೆದರು.

● 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದ ಶಾಲೆಯೊಂದರ ಮುಖ್ಯೋಪಾಧ್ಯಾಯರು, ದಲಿತ ಮಕ್ಕಳೆದುರು ಅವರನ್ನು ಅಮೆರಿಕದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದರಂತೆ. ಮೊದಲು ಸಿಡುಕು ಬಂತು, ಯೋಚಿಸಿದಾಗ ನಿಜವೆನಿಸಿತು ಎಂದು ಕಿಂಗ್ ಮುಂದೆ ಚರ್ಚಿನಲ್ಲಿ ಹೇಳಿಕೊಂಡರು.

● 1966ರಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್. ಹೆಸರು ಅಲ್ಲಿಂದಲೇ ಬಂದದ್ದು.

● ಕಿಂಗ್, ಮಾಲ್ಕಮ್ ಇಬ್ಬರೂ ಕೊಲೆಯಾದಾಗ ವಯಸ್ಸು 39. ಮಾಲ್ಕಮ್ ಕೊಲೆಗೆ ಶಿಕ್ಷೆಯಾದ ಮೂವರಲ್ಲಿ ಇಬ್ಬರು ನಿರಪರಾಧಿಗಳೆಂದು ನ್ಯೂಯಾರ್ಕ್ ನ್ಯಾಯಾಲಯ ಒಪ್ಪಿದ್ದು 2021ರಲ್ಲಿ. ಆ ಹೊತ್ತಿಗೆ ಅವರಲ್ಲೊಬ್ಬರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.