ಜೇಬಿನ ಚಾಕು: ಸೀಮೆಯದೋ, ನಾಡಿನದೋ?

ಕನ್ನಡದಲ್ಲಿ 'ಸೀಮೆ' ಎಂಬ ಮಾತಿಗೆ ಎಲ್ಲೆ, ಪ್ರಾಂತ್ಯ ಎಂಬ ಅರ್ಥಗಳುಂಟಷ್ಟೆ. ಕಡಲಾಚೆಯ ವ್ಯಾಪಾರ ಬೆಳೆದಮೇಲೆ ಅದೇ ಮಾತು ಹೊರನಾಡಿನ ಪದಾರ್ಥಗಳಿಗೆಲ್ಲ ವಿಶೇಷಣವಾಗಿ ನಿಂತಿತು: ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ. ಇದಕ್ಕೆ ಇದಿರಾಗಿ ಮೈಸೂರಿನ ಕಡೆ 'ನಾಟಿ' ಎಂದೂ ಉತ್ತರ ಕರ್ನಾಟಕದಲ್ಲಿ 'ಜವಾರಿ' ಎಂದೂ ಹೇಳುವುದು ರೂಢಿ. ವಿನೋದವೇನೆಂದರೆ, ನಾಟಿ ಕೋಳಿಯ ಮೊಟ್ಟೆಗೆ ನಾಲ್ಕು ಕಾಸು ಹೆಚ್ಚು ತೆತ್ತು ಸಂತೋಷದಿಂದ ಕೊಳ್ಳುವ ಗೃಹಸ್ಥನೇ ಚಾಕುವನ್ನು ಕೊಳ್ಳಲು ಹೋದಾಗ, "ಲೋಕಲ್ ಮಾಲು ಬೇಡಪ್ಪ, ಫಾರಿನ್‌ದು ಇದ್ದರೆ ತೋರಿಸು" ಎನ್ನುತ್ತಾನೆ. ಹೊಟ್ಟೆಗೆ ನಾಟಿ ಬೇಕು, ಕೈಗೆ ಸೀಮೆಯದೇ ಆಗಬೇಕು!

ಈ ಮನೋಭಾವದಲ್ಲಿ ವಿವೇಕವೆಷ್ಟು, ಭ್ರಮೆಯೆಷ್ಟು ಎಂದು ತೂಗಿ ನೋಡುವುದಕ್ಕೆ ಜೇಬಿನಲ್ಲಿ ಮಡಿಸಿ ಇಟ್ಟುಕೊಳ್ಳುವ ಚಾಕುವಿಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಪೆನ್ಸಿಲನ್ನು ಹೆರೆಯಲು, ಹಣ್ಣನ್ನು ಕೊಯ್ಯಲು, ಗಿಡಕ್ಕೆ ಕಸಿ ಕಟ್ಟಲು ನಮಗೆಲ್ಲ ಬೇಕಾದ ಸಣ್ಣ ವಸ್ತು ಅದು. ಆದರೆ ಅದರ ಅಲಗಿನ ಬುಡದಲ್ಲಿ ಕೊರೆದಿರುವ ದೇಶದ ಹೆಸರಿಗಾಗಿ ರಾಷ್ಟ್ರಗಳೇ ಜಗಳವಾಡಿವೆ.

ಚಾಕುವಿನ ಗುಣವೆಲ್ಲ ಉಕ್ಕು, ಹದ, ಕೀಲು ಈ ಮೂರರಲ್ಲಿದೆ. ಕಬ್ಬಿಣಕ್ಕೆ ನೂರರಲ್ಲಿ ಅರ್ಧ ಭಾಗದಿಂದ ಒಂದು ಭಾಗದವರೆಗೆ ಇಂಗಾಲ ಕೂಡಿದರೆ ಅಲಗಿಗೆ ತಕ್ಕ ಉಕ್ಕಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಗಡುಸು ಬರುತ್ತದೆ. ಆದರೆ ಆ ಗಡುಸು ಗಾಜಿನಂಥದು, ಕೆಳಗೆ ಬಿದ್ದರೆ ಮುರಿಯುತ್ತದೆ. ಆದುದರಿಂದ ಕಮ್ಮಾರನು ಅಲಗನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಆಗ ಅದರ ಮೈಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಕಡೆಗೆ ನೀಲಿ ಬಣ್ಣ ಹಾಯುತ್ತದೆ. ಕೆಲಸಕ್ಕೆ ತಕ್ಕ ಬಣ್ಣದಲ್ಲಿ ಅದನ್ನು ತಡೆದು ನಿಲ್ಲಿಸುವುದೇ ಹದ. ಪಾಕಕ್ಕೂ ಹೊಲಕ್ಕೂ ಉಕ್ಕಿಗೂ ನಾವು ಇದೊಂದೇ ಮಾತನ್ನು ಬಳಸುತ್ತೇವೆ. ಎಷ್ಟು ಪುಸ್ತಕ ಓದಿದರೂ ಹದವು ಕಣ್ಣಿಗೂ ಕೈಗೂ ಅಭ್ಯಾಸದಿಂದಲೇ ಬರಬೇಕಾದ ವಿದ್ಯೆ.

ಮಾತು ಬಂದಿತೆಂದು ಇನ್ನೊಂದನ್ನು ಹೇಳಿಬಿಡುತ್ತೇನೆ. 'ಚಾಕು' ಪಾರಸಿಯ ಮಾರ್ಗವಾಗಿ ಬಂದ ಶಬ್ದ. 'ಚೂರಿ' ಸಂಸ್ಕೃತದ 'ಛುರಿಕಾ'ದಿಂದ ಬಂದುದು. 'ಕತ್ತಿ', 'ಉಕ್ಕು' ನಮ್ಮ ದ್ರಾವಿಡದ ಸ್ವತ್ತು. ಈ 'ಉಕ್ಕು' ನಮ್ಮಲ್ಲೇ ಕುಳಿತಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರು ದಕ್ಷಿಣ ಭಾರತದ ಮೂಸೆಯ ಉಕ್ಕನ್ನು 'ವೂಟ್ಸ್' ಎಂದು ಕರೆದರು. ಅದು ಕನ್ನಡ ತೆಲುಗುಗಳ 'ಉಕ್ಕು' ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ಅದರ ಗಟ್ಟಿಗಳನ್ನು ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಿದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಅದನ್ನು ಕುರಿತು ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಲಂಡನ್ನಿನ ಶಸ್ತ್ರತಯಾರಕ ಸ್ಟೋಡರ್ಟನು ಆ ಉಕ್ಕಿನಿಂದ ಮಾಡಿಕೊಟ್ಟ ವಸ್ತು ಯಾವುದು ಬಲ್ಲಿರಾ? ಒಂದು ಲೇಖನಿ ಚಾಕು! ಗರಿಯ ಲೇಖನಿಯ ತುದಿಯನ್ನು ಹೆರೆಯಲು ಜೇಬಿನಲ್ಲಿಡುತ್ತಿದ್ದ, ಇಂದಿನ ಜೇಬಿನ ಚಾಕುವಿನ ಅಜ್ಜ. ಅತ್ಯುತ್ತಮವಾದ ಉಕ್ಕಿನ ಚಾಕುವಿಗೆ ಅದು ಕಡಮೆಯಿಲ್ಲದಂತೆ ಕೊಯ್ದಿತು. ಮುಂದೆ ಇದೇ ಸ್ಟೋಡರ್ಟನು ಮೈಕೇಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ 1820ರಲ್ಲಿ ಪ್ರಕಟಿಸಿದ. ಮೈಸೂರು ಸೀಮೆಯ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡ ಬುಕನನ್ನನ ಪ್ರವಾಸ ಗ್ರಂಥ 1807ರಲ್ಲಿ ಅಚ್ಚಾಗಿತ್ತು. ಹೀಗೆ ಉಕ್ಕು ನಮ್ಮದಾಗಿ ಹದ ಅವರದಾದ ಆ ಚಾಕುವನ್ನು ಸ್ವದೇಶಿ ಎನ್ನೋಣವೋ, ವಿದೇಶಿ ಎನ್ನೋಣವೋ?

ಆಮೇಲಿನ ಕಾಲದಲ್ಲಿ ನಮ್ಮ ಪೇಟೆಗಳಿಗೆ ಚಾಕು ಬಂದದ್ದು ಇಂಗ್ಲೆಂಡಿನ ಶೆಫೀಲ್ಡ್ ಊರಿನಿಂದ. ಜೋಸೆಫ್ ರಾಡ್ಜರ್ಸ್ ಕಂಪೆನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತಿಗೆ ಲೋಕದಲ್ಲೆಲ್ಲ ಮರ್ಯಾದೆಯಿತ್ತು. ಆ ಕೀರ್ತಿ ಪೊಳ್ಳಲ್ಲ. ಅಲ್ಲಿನ ಕಸುಬುದಾರರ ಸಂಘಕ್ಕೆ 1624ರಲ್ಲೇ ಪಾರ್ಲಿಮೆಂಟಿನ ಶಾಸನದ ಆಧಾರ ದೊರೆತಿತ್ತು. ಅಲಗನ್ನು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂಡಿಸಿ ಕೀಲು ಹಾಕುವವನು ಮತ್ತೊಬ್ಬ. ಒಂದೊಂದೂ ಜೀವಮಾನದ ಕಸುಬು. ಸಾಣೆಯವರ ಪಾಡಂತೂ ಹೇಳತೀರದು. ಕಲ್ಲು ಉಕ್ಕುಗಳ ದೂಳು ಎದೆಗೂಡನ್ನು ಸೇರಿ ಅನೇಕರು ನಡುವಯಸ್ಸಿಗೆ ಮುಂಚೆಯೇ ಸಾಯುತ್ತಿದ್ದರು. ಸೀಮೆಯ ಚಾಕುವಿನ ಮಿಂಚನ್ನು ಹೊಗಳುವಾಗ ಇದನ್ನೂ ನೆನೆಯುವುದು ನ್ಯಾಯ.

ಶೆಫೀಲ್ಡಿಗೂ ಒಬ್ಬ ಪ್ರತಿಸ್ಪರ್ಧಿ ಹುಟ್ಟಿದ. ಜರ್ಮನಿಯ ಸೋಲಿಂಗೆನ್ ಊರಿನ ಅಗ್ಗದ ಚಾಕುಗಳು, ಕೆಲವು ಶೆಫೀಲ್ಡಿನ ಹೆಸರನ್ನೇ ಕಳ್ಳತನದಿಂದ ಹೊತ್ತು, ಇಂಗ್ಲೆಂಡಿನ ಪೇಟೆಗೆ ನುಗ್ಗಿದವು. ಬ್ರಿಟಿಷ್ ಹೆಸರು ಗುರುತುಗಳನ್ನು ಹೊತ್ತು ಬರುವ ಹೊರಗಿನ ಸರಕಿನ ಮೇಲೆ ಅದು ತಯಾರಾದ ದೇಶವನ್ನು ಕಾಣಿಸಬೇಕೆಂದು 1887ರಲ್ಲಿ ಇಂಗ್ಲೆಂಡು ಕಾನೂನು ಮಾಡಿತು. ಜನ ನೋಡಿ ದೂರ ಸರಿಯಲಿ ಎಂಬುದು ಉದ್ದೇಶ. ಆದದ್ದೇ ಬೇರೆ. ಜರ್ಮನರು ಸರಕನ್ನು ಸುಧಾರಿಸಿದರು; ಕೆಲವೇ ವರ್ಷಗಳಲ್ಲಿ 'ಮೇಡ್ ಇನ್ ಜರ್ಮನಿ' ಎಂಬ ಕಳಂಕದ ಮುದ್ರೆಯೇ ಪ್ರಶಸ್ತಿಪತ್ರವಾಯಿತು. 'ಚೈನಾ ಮಾಲು' ಎಂದು ಮೂಗು ಮುರಿಯುವ ನಾವು ಈ ಕಥೆಯನ್ನು ಮರೆಯಬಾರದು. ಕೆಂಪು ಹಿಡಿಯ ಅಗ್ಗದ ಅನುಕರಣಗಳು ಚೀಣದಿಂದ ಬರುತ್ತವೆ, ನಿಜ. ಆದರೆ ಆ ದೇಶದ ಯಾಂಗ್‌ಜಿಯಾಂಗ್ ಎಂಬ ಊರು ಚಾಕುವಿನ ಕೆಲಸಕ್ಕೇ ಹೆಸರಾಗಿದೆ, ಒಳ್ಳೆಯ ಅಲಗುಗಳೂ ಅಲ್ಲಿಂದ ಬರುತ್ತವೆ.

ಸ್ವದೇಶಿಯ ಪಾಠಕ್ಕೆ ನಾನು ಸ್ವಿಟ್ಸರ್ಲೆಂಡಿನ ಕಡೆ ಕೈ ತೋರಿಸುತ್ತೇನೆ. ಹೊಸ ಬಂದೂಕನ್ನು ಬಿಚ್ಚಲು ತಿರುಪುಳಿ, ಡಬ್ಬಿಯನ್ನು ತೆರೆಯಲು ಕೊಕ್ಕೆ, ಇವುಗಳಿರುವ ಚಾಕು ಪ್ರತಿಯೊಬ್ಬ ಸಿಪಾಯಿಗೂ ಬೇಕೆಂದು ಅಲ್ಲಿನ ಸೇನೆ ನಿಶ್ಚಯಿಸಿದಾಗ, ಅಷ್ಟು ಸಂಖ್ಯೆಯಲ್ಲಿ ಮಾಡಿಕೊಡಬಲ್ಲವರು ಆ ದೇಶದಲ್ಲಿ ಇರಲಿಲ್ಲ. ಮೊದಲ ಚಾಕುಗಳು ಸೋಲಿಂಗೆನ್ನಿನಿಂದಲೇ ಬಂದವು. ಇಬಾಕ್ ಎಂಬ ಹಳ್ಳಿಯಲ್ಲಿ 1884ರಲ್ಲಿ ಕಾರ್ಖಾನೆ ತೆರೆದಿದ್ದ ಕಾರ್ಲ್ ಎಲ್ಸೆನರ್ ಎಂಬಾತ ಇದನ್ನು ಸಹಿಸಲಿಲ್ಲ. ಸ್ವದೇಶದ ಕಸುಬುದಾರರನ್ನು ಕೂಡಿಸಿ 1891ರಲ್ಲಿ ಸೇನೆಗೆ ಚಾಕು ಒದಗಿಸಿದ. ಆದರೆ ಸೋಲಿಂಗೆನ್ನಿನ ಬೆಲೆ ಕಡಮೆ. ಜೊತೆಗಾರರು ಒಬ್ಬೊಬ್ಬರಾಗಿ ಜಾರಿಕೊಂಡರು, ಎಲ್ಸೆನರ್ ಸಾಲದಲ್ಲಿ ಮುಳುಗಿದ. ದೇಶಾಭಿಮಾನದ ಮಾತು ಅವನನ್ನು ಉಳಿಸಲಿಲ್ಲ. ಉಳಿಸಿದ್ದು ಅವನ ಕೈಕೆಲಸ. ಎರಡೇ ಸ್ಪ್ರಿಂಗುಗಳ ಮೇಲೆ ಆರು ಉಪಕರಣಗಳನ್ನು ನಿಲ್ಲಿಸಿದ ಹಗುರವಾದ ಚಾಕುವೊಂದನ್ನು ಕಲ್ಪಿಸಿ 1897ರ ಜೂನ್ 12ರಂದು ನೋಂದಾಯಿಸಿದ. ಸೇನೆ ಅದನ್ನು ಹಂಚಲಿಲ್ಲ. ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಂಡರು. ತಾಯಿಯ ಹೆಸರಾದ ವಿಕ್ಟೋರಿಯಾ ಮತ್ತು ತುಕ್ಕುಹಿಡಿಯದ ಉಕ್ಕಿನ ಫ್ರೆಂಚ್ ಹೆಸರಾದ ಇನಾಕ್ಸ್ ಎರಡೂ ಸೇರಿ 1921ರಲ್ಲಿ 'ವಿಕ್ಟೋರಿನಾಕ್ಸ್' ಆಯಿತು. ವೈಯಾಕರಣರು ಇದನ್ನು ಯಾವ ಸಮಾಸವೆನ್ನುವರೋ ಕಾಣೆ!

ಇಂದು ಜಗತ್ತೇ 'ಸ್ವಿಸ್ ಚಾಕು' ಎನ್ನುವ ಆ ವಸ್ತುವಿನ ಉಕ್ಕು ಬಹುಪಾಲು ಬರುವುದು ಜರ್ಮನಿ, ಫ್ರಾನ್ಸುಗಳಿಂದ. ಕೈಗಾರಿಕೆಯ ವಸ್ತುವೊಂದು ತನ್ನನ್ನು 'ಸ್ವಿಸ್' ಎಂದು ಕರೆದುಕೊಳ್ಳಬೇಕಾದರೆ ತಯಾರಿಕೆಯ ವೆಚ್ಚದಲ್ಲಿ ನೂರಕ್ಕೆ 60 ಪಾಲಾದರೂ ಆ ದೇಶದಲ್ಲೇ ಆಗಿರಬೇಕೆಂಬುದು 2017ರಿಂದ ಅಲ್ಲಿ ಜಾರಿಯಲ್ಲಿರುವ ಕಾನೂನು. ಅಂದಮೇಲೆ ಅವರ ಲೆಕ್ಕದಲ್ಲಿಯೂ ಸ್ವದೇಶಿ ಎಂಬುದು ನೂರಕ್ಕೆ ನೂರು ಅಲ್ಲ.

ಇನ್ನು ನಮ್ಮಲ್ಲಿಗೆ ಬರೋಣ. ಸ್ವಾತಂತ್ರ್ಯ ಬಂದಮೇಲೆ ಬಹುಕಾಲ ಬಳಕೆಯ ಸರಕಿನ ಆಮದಿಗೆ ಬಿಗಿಯಾದ ಕಟ್ಟುಪಾಡಿತ್ತು. ಅದರ ಕೊನೆಯ ಗಂಟು ಸಡಿಲಿದ್ದು 2001ರ ಏಪ್ರಿಲ್ 1ರಂದು. ಅಷ್ಟು ಕಾಲ ಸೀಮೆಯ ಚಾಕು ಹಡಗಿನಲ್ಲಿ ಕೆಲಸ ಮಾಡುವ ಭಾವನ ಪೆಟ್ಟಿಗೆಯಿಂದಲೋ ದುಬೈಯಿಂದ ಬಂದ ನೆರೆಯವರ ಕಾಣಿಕೆಯಾಗಿಯೋ ಬರಬೇಕಾಗಿತ್ತು. ದುರ್ಲಭವಾದುದಕ್ಕೆ ಬೆಲೆ ಹೆಚ್ಚು. ನಮ್ಮ ಹಿರಿಯರ 'ಫಾರಿನ್' ಮೋಹದಲ್ಲಿ ಅರ್ಧದಷ್ಟು ಇದರ ಫಲವೆಂದು ನನ್ನ ಎಣಿಕೆ. ಉಳಿದರ್ಧಕ್ಕೆ ನಮ್ಮ ತಯಾರಕರೇ ಹೊಣೆ. ಪೈಪೋಟಿಯಿಲ್ಲದ ಪೇಟೆಯಲ್ಲಿ ತೆಳುತಗಡಿನ ಅಲಗು, ಸಡಿಲವಾದ ಕೀಲು ಇದ್ದರೂ ಸಾಗುತ್ತಿತ್ತು.

ಹಾಗೆಂದು ನಾಡಿನಲ್ಲಿ ಕೈಚಳಕ ಇರಲಿಲ್ಲವೆಂದಲ್ಲ. ಬಂಗಾಳದ ಬರ್ದ್ವಾನಿನ ಬಳಿಯ ಕಾಂಚನನಗರದ ಚಾಕು ಕತ್ತರಿಗಳಿಗೆ ಒಂದು ಕಾಲಕ್ಕೆ ಹೆಸರಿತ್ತು. ಉತ್ತರ ಪ್ರದೇಶದ ರಾಂಪುರದ ಮಡಿಸುವ ಚಾಕುವಂತೂ ಹಿಂದೀ ಸಿನಿಮಾದಲ್ಲೇ ಪಾತ್ರ ವಹಿಸಿತು. ಆ ಖ್ಯಾತಿಯೇ ಅದಕ್ಕೆ ಮುಳುವಾಯಿತೆನ್ನಬೇಕು. ನಾಲ್ಕೂವರೆ ಅಂಗುಲಕ್ಕಿಂತ ಉದ್ದವಾದ ಅಲಗನ್ನು 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿತು. ಕುಶಲಕರ್ಮಿಗಳು ಬೇರೆ ಕೆಲಸ ಹುಡುಕಿಕೊಂಡರು. ಅದೇ ಊರಿನ ಚೌಕದಲ್ಲಿ 2023ರಲ್ಲಿ ಇಪ್ಪತ್ತು ಅಡಿಯ ಚಾಕುವಿನ ಸ್ಮಾರಕ ನಿಂತಿದೆ.

ನಮ್ಮೂರುಗಳ ಕಮ್ಮಾರನ ವಿಷಯವೂ ಯೋಚಿಸತಕ್ಕದ್ದು. ಹಳೆಯ ಲಾರಿಯ ಕಮಾನುಪಟ್ಟಿಯನ್ನು ಕಾಯಿಸಿ ಬಡಿದು ಅವನು ಮಾಡಿಕೊಡುವ ಮಚ್ಚು ಕುಡುಗೋಲುಗಳಿಗೆ ಯಾವ ಸೀಮೆಯ ಸರಕೂ ಸಾಟಿಯಲ್ಲ. ಉಕ್ಕು ಒಳ್ಳೆಯದು, ಹದವೂ ಅವನಿಗೆ ಗೊತ್ತು. ಆದರೆ ಮಡಿಸುವ ಚಾಕುವಿಗೆ ಕೂದಲೆಳೆಯ ಅಳತೆಯ ಕೀಲು ಬೇಕು, ಸ್ಪ್ರಿಂಗಿಗೆ ಬೇರೆಯೇ ಹದ ಬೇಕು. ಒಂದೇ ಕುಲುಮೆಯ ಒಬ್ಬನೇ ಮನುಷ್ಯ ಇದೆಲ್ಲವನ್ನೂ ಅಗ್ಗವಾಗಿ ಮಾಡಲಾರ. ಆದಕಾರಣ ಮಡಿಸದ ಚಾಕು, ಕಸಿಗತ್ತಿ, ಈಳಿಗೆಗಳನ್ನು ಅವನಲ್ಲೇ ಹೇಳಿ ಮಾಡಿಸಿಕೊಳ್ಳಿ. ಮಡಿಸುವ ಚಾಕುವನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿ ಕೊಳ್ಳಿ.

ಆ ಪರೀಕ್ಷೆಗೆ ದೇಶದ ಹೆಸರು ಬೇಕಿಲ್ಲ. ಅಲಗನ್ನು ಪೂರ್ತಿ ಬಿಡಿಸಿ ತುದಿಯನ್ನು ಹಿಡಿದು ಎಡಬಲಕ್ಕೆ ಅಲುಗಿಸಿ ನೋಡಿ, ಕೀಲು ಸಡಿಲವಿದ್ದರೆ ಕೈಗೆ ತಿಳಿಯುತ್ತದೆ. ಮಡಿಸುವಾಗ ಸ್ಪ್ರಿಂಗು ಕೊನೆಯವರೆಗೂ ಬಿಗಿಯಾಗಿ ಎಳೆಯಬೇಕು. ಬೆನ್ನಿನ ಕಡೆಯಿಂದ ಬೆಳಕಿಗೆ ಹಿಡಿದರೆ ತಗಡುಗಳ ನಡುವೆ ಬೆಳಕು ಹಾಯಕೂಡದು. ಮಡಿಸಿದಾಗ ಅಲಗು ಪಕ್ಕದ ತಗಡನ್ನು ತಾಕದೆ ನಟ್ಟನಡುವೆ ಕುಳಿತಿರಬೇಕು. ವೃತ್ತಪತ್ರಿಕೆಯ ಒಂದು ಹಾಳೆಯನ್ನು ಕೊಯ್ದು ನೋಡಿ. ಹೊಸತರ ಹರಿತ ಎಲ್ಲಕ್ಕೂ ಇರುತ್ತದೆ, ಅದನ್ನು ಅಷ್ಟಾಗಿ ನಂಬಬೇಡಿ. ಹದ ತಿಳಿಯುವುದು ತಿಂಗಳೆರಡು ತಿಂಗಳಾದ ಮೇಲೆ, ಮೊಂಡಾದ ಅಲಗನ್ನು ಸಾಣೆಕಲ್ಲಿಗೆ ಹಿಡಿದಾಗ. ಬೇಗ ಹರಿತವಾಗಿ ಬೇಗ ಮೊಂಡಾದರೆ ಉಕ್ಕು ಮೆದು. ಎಷ್ಟು ಮಸೆದರೂ ಅಂಚು ಸಣ್ಣಸಣ್ಣದಾಗಿ ಚಕ್ಕೆ ಏಳುತ್ತಿದ್ದರೆ ಪೆಡಸು. ಅಂಥದು ಯಾವ ಊರಿನದಾದರೂ ಅದರ ಹೆಸರನ್ನು ಅಂಗಡಿಯವನಿಗೆ ಹೇಳಿಬನ್ನಿ, ಮುಂದಿನ ಸಲ ತರಿಸುವಾಗ ಅವನಿಗೆ ನೆನಪಿರುತ್ತದೆ.