ಫೆರಾರಿಯನ್ನು ವಾಪಸ್ ಕರೆಸಿದ ಮುಚ್ಚಳ

ಫೆರಾರಿ 458 ಇಟಾಲಿಯಾ ಗೊತ್ತಲ್ವಾ? 4.5 ಲೀಟರ್ ವಿ8 ಎಂಜಿನ್, 570 ಅಶ್ವಶಕ್ತಿ, ಗಂಟೆಗೆ 325 ಕಿ.ಮೀ. ವೇಗ. ನಮ್ಮಲ್ಲಿ ಎಷ್ಟೋ ಜನ ಇಂಥ ಕಾರಿನ ಫೋಟೋ ನೋಡಿಯೇ ಮೆಕ್ಯಾನಿಕಲ್ ಬ್ರಾಂಚ್ ತಗೊಂಡವರು. 2022ರಲ್ಲಿ ಈ 458 ಸೇರಿದಂತೆ 23,555 ಕಾರುಗಳನ್ನು ಫೆರಾರಿ ಕಂಪನಿ ಅಮೆರಿಕವೊಂದರಲ್ಲೇ ರೀಕಾಲ್ ಮಾಡಿತು. ಎಂಜಿನ್ ಕೆಟ್ಟಿರಲಿಲ್ಲ, ಗೇರ್‌ಬಾಕ್ಸ್ ಕೈಕೊಟ್ಟಿರಲಿಲ್ಲ. ತೊಂದರೆ ಇದ್ದದ್ದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಲ್ಲಿ!

ಒಂದು ಮುಚ್ಚಳಕ್ಕೆ ಇಷ್ಟೆಲ್ಲ ರಾದ್ಧಾಂತ ಯಾಕೆ ಅಂತ ಅನ್ನಿಸಬಹುದು. ಮೊದಲು ಬ್ರೇಕ್ ಮಾಡುವ ಕೆಲಸ ಏನು ಅಂತ ಲೆಕ್ಕ ಹಾಕೋಣ. 1,500 ಕೆ.ಜಿ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನ ಶಕ್ತಿ ಸುಮಾರು 5.8 ಲಕ್ಷ ಜೂಲ್. ಅಷ್ಟು ಶಕ್ತಿಯಲ್ಲಿ ಸುಮಾರು 1.8 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. 458 ಇಟಾಲಿಯಾ ಈ ವೇಗದಿಂದ 32.5 ಮೀಟರಿನಲ್ಲಿ ನಿಲ್ಲುತ್ತದೆ ಅಂತ ಕಂಪನಿ ಹೇಳುತ್ತದೆ. ಅಂದ್ರೆ ಅಷ್ಟೂ ಶಕ್ತಿ ಎರಡೂವರೆ ಸೆಕೆಂಡಿನೊಳಗೆ ಹೆಚ್ಚಾಗಿ ಡಿಸ್ಕ್ ಮತ್ತು ಪ್ಯಾಡುಗಳಲ್ಲಿ ಶಾಖವಾಗಬೇಕು. ವೇಗ 300 ಆದರೆ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು.

ಈ ಕೆಲಸ ಮಾಡಿಸುವುದು ನಮ್ಮ ಕಾಲು. ಕಾಲಿನಿಂದ ಚಕ್ರದವರೆಗೆ ಬಲ ಸಾಗಿಸುವುದು ಬ್ರೇಕ್ ಆಯಿಲ್. ಗ್ಯಾರೇಜಿನಲ್ಲಿ ಆಯಿಲ್ ಅಂತಾರೆ ಅಷ್ಟೇ, ಸಾಮಾನ್ಯವಾಗಿ ಅದು ಗ್ಲೈಕಾಲ್ ಜಾತಿಯ ದ್ರವ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಆ ಒತ್ತಡ ಪೈಪಿನ ಮೂಲಕ ಕ್ಯಾಲಿಪರಿಗೆ ತಲುಪಿ ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ. ಪಿಯುಸಿಯಲ್ಲಿ ಓದಿದ ಪ್ಯಾಸ್ಕಲ್ ನಿಯಮ ಇದೇ. ಆದರೆ ದ್ರವ ಸೋರಿ ಒಳಗೆ ಗಾಳಿ ಸೇರಿತು ಅಂದ್ಕೊಳ್ಳಿ. ಗಾಳಿ ಕುಗ್ಗುತ್ತದೆ. ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಮುಚ್ಚಳದ ಕಥೆ ಬರುವುದು ಇಲ್ಲೇ. ಪ್ಯಾಡು ಸವೆದಂತೆಲ್ಲ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದೆ ಉಂಟಾದ ಜಾಗ ತುಂಬಲು ಡಬ್ಬಿಯಿಂದ ದ್ರವ ಇಳಿಯುತ್ತದೆ. ಇಳಿದ ದ್ರವದ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕೆ ದಾರಿ ಕೊಡುವುದು ಮುಚ್ಚಳದ ಕೆಲಸ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ತಡವರಿಸುತ್ತದೆ, ಎದುರಿಗೆ ಇನ್ನೊಂದು ತೂತು ಮಾಡಿದರೆ ಸರಾಗವಾಗಿ ಸುರಿಯುತ್ತದೆ. ಮನೆಯಲ್ಲಿ ಅಮ್ಮಂದಿರಿಗೆ ಗೊತ್ತಿರುವ ವಿಚಾರವೇ ಇದು. ಫೆರಾರಿಯ ಮುಚ್ಚಳದಲ್ಲಿ ಈ ಎರಡನೇ ತೂತು ಸರಿಯಾಗಿ ಕೆಲಸ ಮಾಡದೇ ಇರಬಹುದಿತ್ತು. ಆಗ ಡಬ್ಬಿಯೊಳಗೆ ನಿರ್ವಾತ ಉಂಟಾಗಿ, ಅದರಿಂದ ದ್ರವ ಸೋರಿ, ಬ್ರೇಕ್ ಭಾಗಶಃ ಅಥವಾ ಪೂರ್ತಿ ವಿಫಲವಾಗುವ ಅಪಾಯವಿತ್ತು.

ಇಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ನಾವು ಗಮನಿಸಬೇಕಾದದ್ದು ಈ ರೀಕಾಲ್ ಬೆಳೆದ ರೀತಿಯನ್ನು. 2021ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಿದ್ದು 458 ಮತ್ತು 488 ಸರಣಿಯ ಕಾರುಗಳನ್ನು ಮಾತ್ರ. 2022ರ ಏಪ್ರಿಲಿನಲ್ಲಿ ಚೀನಾದಲ್ಲೂ ಅವೇ ಸರಣಿಗಳ 2,222 ಕಾರುಗಳ ರೀಕಾಲ್ ಪ್ರಕಟವಾಯಿತು. ಅದಾಗಿ ಕೆಲವೇ ತಿಂಗಳಲ್ಲಿ ಅಮೆರಿಕದ ಪಟ್ಟಿ 2005ರ ಮಾಡೆಲಿನಿಂದ 2022ರ ಮಾಡೆಲಿನವರೆಗೆ ಹಿಗ್ಗಿತು. ಹಳೇ 430ಯಿಂದ ಹಿಡಿದು ಹೈಬ್ರಿಡ್ ಲಾಫೆರಾರಿವರೆಗೆ ಎಲ್ಲವೂ ಬಂದವು. ಎಂಜಿನ್ ಬದಲಾಗಿತ್ತು, ಬಾಡಿ ಬದಲಾಗಿತ್ತು, ಹೆಸರು ಬದಲಾಗಿತ್ತು. ಮುಚ್ಚಳದ ದೋಷದ ಭಯ ಮಾತ್ರ ಎಲ್ಲದಕ್ಕೂ ಒಂದೇ. ದೋಷ ಹುಡುಕುವಾಗ ಯಾವ ಮಾಡೆಲ್ ಅಂತ ಕೇಳಿ ಸುಮ್ಮನಾದರೆ ಸಾಲದು, ಈ ಬಿಡಿಭಾಗ ಇನ್ನೆಲ್ಲೆಲ್ಲಿ ಕೂತಿದೆ ಅಂತಲೂ ಕೇಳಬೇಕು. ಒಂದೇ ಭಾಗವನ್ನು ಹಲವು ಕಡೆ ಬಳಸಿದರೆ ಖರ್ಚು ಉಳಿಯುತ್ತದೆ ನಿಜ. ಅದರ ತಪ್ಪೂ ಹಾಗೆಯೇ ಹಲವು ಕಡೆ ಹೋಗಿ ಕೂರುತ್ತದೆ.

ಪರಿಹಾರ ಎರಡು ಭಾಗದ್ದು. ಮುಚ್ಚಳವನ್ನು ಉಚಿತವಾಗಿ ಬದಲಿಸುವುದು ಒಂದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವುದು ಇನ್ನೊಂದು. ಮುಚ್ಚಳಕ್ಕೂ ಸಾಫ್ಟ್‌ವೇರಿಗೂ ಏನು ಸಂಬಂಧ ಅಂದ್ರಾ? ದ್ರವದ ಮಟ್ಟ ಇಳಿದಾಗ ಚಾಲಕನಿಗೆ ಎಚ್ಚರಿಕೆ ಹೋಗಬೇಕಲ್ಲ, ಅದಕ್ಕೆ. ಆ ಎಚ್ಚರಿಕೆ ಕೂಡ ಬ್ರೇಕಿನ ಒಂದು ಭಾಗವೇ. ಹೀಗಾಗಿ ಈ ವಿಷಯ ಮೆಕ್ಯಾನಿಕಲ್‌ನವರಿಗೆ ಮಾತ್ರ ಸೇರಿದ್ದಲ್ಲ, ಸಿಎಸ್ ಮತ್ತು ಇಸಿ ಗೆಳೆಯರೇ, ನಿಮಗೂ ಸೇರಿದ್ದು.

ಭಾರತದಲ್ಲೂ ರೀಕಾಲ್‌ಗೆ ಕಾನೂನಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯಲ್ಲಿ 110ಎ ಎಂಬ ಸೆಕ್ಷನ್ ಸೇರಿತು. ದೋಷವಿರುವ ವಾಹನಗಳನ್ನು ವಾಪಸ್ ಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಇದರಿಂದ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ರೀಕಾಲ್ ಅಂದ ಕೂಡಲೇ ಕಂಪನಿಯ ಮಾನ ಹೋಯ್ತು ಅಂತ ನಾವು ನಗುತ್ತೇವೆ. ದೋಷ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಕಂಪನಿಗಿಂತ, ಕರೆದು ಸರಿಮಾಡಿಕೊಡುವವರೇ ವಾಸಿ ಅಲ್ವಾ?

ಫೆರಾರಿ ನಮ್ಮ ಪಾರ್ಕಿಂಗ್‌ನಲ್ಲಿ ಇಲ್ಲ, ಸರಿ. ಡಿಸ್ಕ್ ಬ್ರೇಕಿನ ಬೈಕು ಇದೆಯಲ್ಲ! ಹ್ಯಾಂಡಲ್ ಪಕ್ಕದ ಚಿಕ್ಕ ಡಬ್ಬಿಯಲ್ಲಿ ಇರುವುದೂ ಇದೇ ದ್ರವ. ಮುಚ್ಚಳದ ಕೆಳಗೆ ಒಂದು ರಬ್ಬರ್ ಪದರ ಇರುತ್ತದೆ. ದ್ರವ ಇಳಿದಂತೆ ಅದೂ ಕೆಳಗೆ ಬಾಗುತ್ತದೆ, ಅದರ ಮೇಲೆ ಗಾಳಿ ಬರುತ್ತದೆ, ತೇವ ಮಾತ್ರ ದ್ರವಕ್ಕೆ ತಾಗುವುದಿಲ್ಲ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗೆ ಹೋಗಿದ್ದರೆ ಸುಮ್ಮನೆ ಆಯಿಲ್ ಸುರಿಯಬೇಡಿ. ಪ್ಯಾಡು ಸವೆದಿದೆಯಾ, ಎಲ್ಲಾದರೂ ಸೋರುತ್ತಿದೆಯಾ ಅಂತ ಮೊದಲು ನೋಡಿಸಿ. ಹಾಗೇ ಚಾಸಿ ನಂಬರ್ ಹೇಳಿ, ನಿಮ್ಮ ಗಾಡಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯಾ ಅಂತ ಶೋರೂಮಿನಲ್ಲಿ ಕೇಳಿ.

ಬಾಹಾ, ಫಾರ್ಮುಲಾ ಸ್ಪರ್ಧೆಗಳಿಗೆ ಗಾಡಿ ಕಟ್ಟುವ ಗೆಳೆಯರಿಗೆ ಇನ್ನೊಂದು ಮಾತು. ಬ್ರೇಕ್ ಟೆಸ್ಟಿನಲ್ಲಿ ನಾಲ್ಕೂ ಚಕ್ರ ಲಾಕ್ ಆಗಬೇಕು ಅಂತ ರಾತ್ರಿಯೆಲ್ಲ ಲೆಕ್ಕ ಮಾಡುತ್ತೀರಿ. ಆ ಲೆಕ್ಕದ ಹಾಳೆಯಲ್ಲಿ ಡಬ್ಬಿಯ ಮುಚ್ಚಳಕ್ಕೂ ಒಂದು ಸಾಲು ಇಡಿ: ಇದು ಗಾಳಿ ಬಿಡದಿದ್ದರೆ ಏನಾಗುತ್ತದೆ?