ಚುಕುಬುಕು ಬೇಕು!

ವೈಟ್‌ಫೀಲ್ಡ್‌ಗೆ ಐಟಿ ಕಂಪನಿ ಬರೋಕೆ ಎಷ್ಟೋ ದಶಕ ಮೊದಲೇ ರೈಲು ಬಂದಿತ್ತು. ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಹೀಲಲಿಗೆಯಲ್ಲೂ ಸ್ಟೇಷನ್ ಇದೆ. ಹಳಿ ಇದ್ದೂ ನಮಗೆ ಲೋಕಲ್ ರೈಲು ಯಾಕಿಲ್ಲ?

2016ರ ಅಕ್ಟೋಬರ್‌ನಲ್ಲಿ ಸಾವಿರಾರು ಬೆಂಗಳೂರಿಗರು ಕೈ ಕೈ ಹಿಡಿದು ನಿಂತು, ಸರ್ಕಾರ ಕಟ್ಟಲು ಹೊರಟಿದ್ದ ಉಕ್ಕಿನ ಮೇಲ್ಸೇತುವೆಗೆ 'ಸ್ಟೀಲ್ ಫ್ಲೈಓವರ್ ಬೇಡ' ಅಂದರು. ಹಾಗಾದರೆ ಏನು ಬೇಕು? ಬೆನ್ನಲ್ಲೇ ಉತ್ತರವನ್ನೂ ಕೊಟ್ಟರು: ಚುಕುಬುಕು ಬೇಕು, ಅಂದರೆ ಲೋಕಲ್ ರೈಲು ಬೇಕು! ಬರೀ ವಿರೋಧಿಸಿ ಮನೆಗೆ ಹೋಗಲಿಲ್ಲ, ಅದೇ ಈ ಚಳವಳಿಯ ದೊಡ್ಡತನ.

2020ರಲ್ಲಿ ಕೇಂದ್ರ ಸಂಪುಟ ಉಪನಗರ ರೈಲಿಗೆ ಒಪ್ಪಿತು. 148 ಕಿಲೋಮೀಟರ್, 15,767 ಕೋಟಿ ರೂಪಾಯಿ. ಮಾರ್ಗಗಳ ಹೆಸರೇ ಎಷ್ಟು ಚೆಂದ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ, ಕನಕ ಹೀಲಲಿಗೆಯಿಂದ ರಾಜಾನುಕುಂಟೆಗೆ.

2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. 40 ತಿಂಗಳ ಮಾತು ಕೊಟ್ಟರು. 2025ರ ಅಕ್ಟೋಬರ್‌ಗೆ ಆ ಗಡುವು ಮುಗಿಯಿತು. ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ.

ಮೆಟ್ರೊ ಬಂತಲ್ಲ ಅಂತೀರಾ? ನಿಜ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಬಂತು. ಆದರೆ ಮಾಲೂರು, ಬಂಗಾರಪೇಟೆಯಿಂದ ದಿನಾ ಕೆಲಸಕ್ಕೆ ಬರುವವರ ಊರಿಗೆ ಮೆಟ್ರೊ ಹೋಗಲ್ಲ, ಹಳಿ ಹೋಗುತ್ತೆ. ಅವರಿಗೋಸ್ಕರವಾದರೂ ಹೊಸ ಗಡುವು ಹೇಳಿ, ಮಾರ್ಗ ಮಾರ್ಗಕ್ಕೂ ಹೇಳಿ.